ಊಹೆ ತಪ್ಪಿದರೂ ಉತ್ತರ ತಡವಾಗದಂತೆ

ಮಂಗಳೂರಿನ ಫಳ್ನೀರ್ ಕಂಕನಾಡಿ ಮತ್ತು ಅತ್ತಾವರಗಳ ನೆರೆಯ ಪ್ರದೇಶ. ಆಸ್ಪತ್ರೆ, ಔಷಧಿ ಅಂಗಡಿ, ಬಹುಮಹಡಿ ವಸತಿಗಳು ತುಂಬಿರುವ ಇಲ್ಲಿ ಕೊಂಕಣಿ ಮನೆಮಾತಿನ ಕ್ರೈಸ್ತ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಡಿಸೋಜ, ಪಿಂಟೊ, ಲೋಬೊ, ಸಲ್ದಾನ ಎಂಬ ಕುಲನಾಮಗಳು ಇಲ್ಲಿ ಸಾಮಾನ್ಯ. ಪಕ್ಕದಲ್ಲೇ ಬ್ಯಾರಿ ಮಾತಾಡುವವರ, ತುಳು ಮಾತಾಡುವವರ, ಕನ್ನಡಿಗರ, ಮಲಯಾಳಿಗಳ ಮನೆಗಳು.

ಇಲ್ಲಿನ ಒಂದು ಕೌಂಟರಿನಲ್ಲಿ ನಿಂತು ‘ಫಳ್ನೀರಿನ ಡಿಸೋಜ’ ಎಂದಷ್ಟೇ ಹೇಳಿ ನೋಡಿ. ಊರು ಬಲ್ಲ ಗುಮಾಸ್ತೆ ‘ಯಾವ ಡಿಸೋಜ?’ ಎಂದು ತಕ್ಷಣ ಕೇಳುತ್ತಾರೆ. ಆ ಹೆಸರಿನವರು ಇಲ್ಲಿ ತುಂಬಾ ಮಂದಿ ಇದ್ದಾರೆಂಬುದು ಅವರಿಗೆ ಹುಡುಕುವ ಮೊದಲೇ ಗೊತ್ತು. ಅವರ ಎದುರಿನ ಕಂಪ್ಯೂಟರಿಗೆ ಅದು ಗೊತ್ತಿಲ್ಲ. ಆದರೂ ಹುಡುಕಾಟ ಶುರು ಮಾಡುವ ಮುನ್ನ ಅದು ಒಂದು ಅಂದಾಜು ಕಟ್ಟಲೇಬೇಕು. ಆ ಅಂದಾಜು ತಪ್ಪಿದರೆ ಏನಾಗುತ್ತದೆ, ಎಷ್ಟರ ಮಟ್ಟಿಗೆ ತಪ್ಪಬಹುದು, ಅಂದಾಜೇ ಇಲ್ಲದೆ ಕೆಲಸ ನಡೆದೀತೆ ಎಂಬ ಪ್ರಶ್ನೆಗಳ ಬೆನ್ನು ಹತ್ತಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಜಯಂತ್ ಹರಿತ್ಸ. ಅವರ ಸಂಶೋಧನೆಯ ದಾರಿಯನ್ನು ಹಿಡಿದು ಹೋದರೆ, ಡೇಟಾಬೇಸ್ ಎಂಬ ಯಂತ್ರದ ಒಳಗೆ ನಡೆಯುವ ಅತ್ಯಂತ ಕಷ್ಟದ ನಿರ್ಧಾರ ಯಾವುದೆಂಬುದು ನಮಗೆ ತಿಳಿಯುತ್ತದೆ.

ಏನು ಬೇಕು, ಹೇಗೆ ತರಬೇಕು

1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಒಂದು ಪ್ರಬಂಧ ಬರೆದರು. ಮಾಹಿತಿಯನ್ನೆಲ್ಲ ಸಾಲು ಮತ್ತು ಕಂಬಸಾಲುಗಳ ಕೋಷ್ಟಕಗಳಲ್ಲಿ ಇಡೋಣ. ಬಳಸುವವರು ತಮಗೆ ಏನು ಬೇಕೆಂದಷ್ಟೇ ಹೇಳಲಿ. ಅದನ್ನು ಹೇಗೆ ಹುಡುಕಿ ತರಬೇಕೆಂಬ ಚಿಂತೆ ಯಂತ್ರಕ್ಕಿರಲಿ ಎಂಬುದು ಅದರ ಸಾರ. ಅದಕ್ಕೂ ಮೊದಲು ಪ್ರೋಗ್ರಾಂ ಬರೆಯುವವರೇ ಡಿಸ್ಕಿನ ಯಾವ ಕೊಂಡಿಯಿಂದ ಯಾವ ಕೊಂಡಿಗೆ ಹೋಗಬೇಕೆಂದು ಹೆಜ್ಜೆ ಹೆಜ್ಜೆಯಾಗಿ ಬರೆಯಬೇಕಿತ್ತು. ಈ ಹೊರೆ ಇಳಿಸಿದ ಕಾಡ್ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

ಹೊರೆ ಮನುಷ್ಯನ ಹೆಗಲಿನಿಂದ ಯಂತ್ರದ ಹೆಗಲಿಗೆ ದಾಟಿತು, ಮಾಯವಾಗಲಿಲ್ಲ. ಡೇಟಾಬೇಸಿಗೆ ಹಾಕುವ ಪ್ರಶ್ನೆಗೆ ಕ್ವೆರಿ ಎನ್ನುತ್ತಾರೆ. ಒಂದೇ ಕ್ವೆರಿಗೆ ಉತ್ತರ ತರಲು ಹತ್ತಾರು ದಾರಿಗಳಿರುತ್ತವೆ. ಕೋಷ್ಟಕವನ್ನು ಮೊದಲಿಂದ ಕೊನೆಯವರೆಗೆ ಓದಬಹುದು, ಇಂಡೆಕ್ಸ್ ಹಿಡಿದು ಬೇಕಾದ ಸಾಲುಗಳಿಗೆ ಮಾತ್ರ ಜಿಗಿಯಬಹುದು, ಎರಡು ಕೋಷ್ಟಕಗಳನ್ನು ಜೋಡಿಸುವಾಗ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂಬುದನ್ನು ಬದಲಿಸಬಹುದು. ಇಂಥ ಪ್ರತಿಯೊಂದು ದಾರಿಗೂ ಪ್ಲಾನ್ ಎಂದು ಹೆಸರು. ಎಲ್ಲ ಪ್ಲಾನ್‌ಗಳ ಖರ್ಚನ್ನು ಲೆಕ್ಕ ಹಾಕಿ ಅಗ್ಗದ್ದನ್ನು ಆರಿಸುವ ಭಾಗವೇ ಆಪ್ಟಿಮೈಸರ್. 1979ರಲ್ಲಿ ಐಬಿಎಂನ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು ಸಿಸ್ಟಂ ಆರ್ ಎಂಬ ಪ್ರಾಯೋಗಿಕ ಡೇಟಾಬೇಸ್‌ಗಾಗಿ ಇದರ ಮೂಲ ವಿಧಾನವನ್ನು ಪ್ರಕಟಿಸಿದರು. ಇಂದಿನ ಬಹುತೇಕ ಡೇಟಾಬೇಸ್‌ಗಳು ಆ ವಂಶದವೇ.

ಆ ಪ್ರಬಂಧದಲ್ಲಿ ಒಂದು ಪ್ರಾಮಾಣಿಕ ಜಾಗವಿದೆ. ‘ಇದು ಇಂಥದ್ದಕ್ಕೆ ಸಮ’ ಎಂಬ ಬಗೆಯ ಷರತ್ತಿಗೆ ಎಷ್ಟು ಸಾಲುಗಳು ಹೊಂದುತ್ತವೆ ಎಂಬುದಕ್ಕೆ ಅಂಕಿಅಂಶ ಸಿಗದಿದ್ದರೆ ಹತ್ತರಲ್ಲಿ ಒಂದು ಪಾಲು ಎಂದುಕೊಳ್ಳಿ ಎಂದು ಅದು ಹೇಳುತ್ತದೆ. ಅದು ಕೆಲಸ ಮುಂದೆ ಸಾಗಲೆಂದು ಇಟ್ಟ ಸಂಖ್ಯೆ. ಇಡೀ ಆಪ್ಟಿಮೈಸರ್ ನಿಂತಿರುವುದು ಇಂಥ ಅಂದಾಜುಗಳ ಮೇಲೆ.

ಫಳ್ನೀರಿನ ಲೆಕ್ಕ

ಅಂದಾಜು ತಪ್ಪಿದಾಗ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಒಂದು ಕಾಲ್ಪನಿಕ ನಗರ ದಾಖಲೆಯಲ್ಲಿ 10 ಲಕ್ಷ ಜನರ ವಿವರ ಇದೆಯೆಂದಿಟ್ಟುಕೊಳ್ಳಿ. ಒಬ್ಬೊಬ್ಬರಿಗೆ 200 ಬೈಟ್. ಒಟ್ಟು 200 ಮೆಗಾಬೈಟ್. ತಿರುಗುವ ಹಾರ್ಡ್ ಡಿಸ್ಕ್ ಸಾಲಾಗಿ ಓದುವಾಗ ಸೆಕೆಂಡಿಗೆ 100 ಮೆಗಾಬೈಟ್ ಕೊಡುತ್ತದೆ ಎಂದರೆ ಇಡೀ ಕೋಷ್ಟಕ ಓದಲು 2 ಸೆಕೆಂಡ್ ಸಾಕು. ಇಂಡೆಕ್ಸ್ ಹಿಡಿದು ಹೋದರೆ ಬೇಕಾದ ಸಾಲುಗಳನ್ನಷ್ಟೇ ಮುಟ್ಟಬಹುದು. ಆದರೆ ಅವು ಡಿಸ್ಕಿನಲ್ಲಿ ಚದುರಿ ಬಿದ್ದಿರುವುದರಿಂದ ಪ್ರತಿ ಸಾಲಿಗೂ ಓದುವ ತಲೆ ಜಾಗ ಬದಲಿಸಬೇಕು. ಒಮ್ಮೆ ಬದಲಿಸಲು ಸುಮಾರು 10 ಮಿಲಿಸೆಕೆಂಡ್. ಅಂದರೆ 200 ಸಾಲುಗಳನ್ನು ತರಲು 2 ಸೆಕೆಂಡ್. ಉತ್ತರದಲ್ಲಿ 200ಕ್ಕಿಂತ ಕಡಿಮೆ ಸಾಲುಗಳಿದ್ದರೆ ಇಂಡೆಕ್ಸ್ ಲೇಸು, ಹೆಚ್ಚಿದ್ದರೆ ಎಲ್ಲವನ್ನೂ ಓದುವುದೇ ಲೇಸು. ಸಂಗ್ರಹ ಸಾಧನದ ಸ್ವಭಾವ ಹೀಗೆ ನೇರವಾಗಿ ನಿರ್ಧಾರದೊಳಗೆ ಬಂದು ಕೂರುತ್ತದೆ. ಎಸ್‌ಎಸ್‌ಡಿ ಬಂದ ಮೇಲೆ ಈ ಗಡಿ ಸರಿದಿದೆಯೇ ಹೊರತು ಅಳಿಸಿಹೋಗಿಲ್ಲ.

ಈಗ ಕ್ವೆರಿ: ಕುಲನಾಮ ಡಿಸೋಜ, ವಾಸ ಫಳ್ನೀರ್. ನಮ್ಮ ಕಾಲ್ಪನಿಕ ದಾಖಲೆಯಲ್ಲಿ ನೂರಕ್ಕೆ ಒಬ್ಬರು ಡಿಸೋಜ, ನೂರಕ್ಕೆ ಒಬ್ಬರು ಫಳ್ನೀರಿನವರು. ಆಪ್ಟಿಮೈಸರ್ ಈ ಎರಡೂ ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳೆಂದು ಭಾವಿಸಿ ಗುಣಿಸುತ್ತದೆ. ಹತ್ತು ಸಾವಿರದಲ್ಲಿ ಒಬ್ಬರು, ಅಂದರೆ 10 ಲಕ್ಷದಲ್ಲಿ 100 ಸಾಲು. ಇಂಡೆಕ್ಸಿಗೆ 1 ಸೆಕೆಂಡ್ ಸಾಕು ಎಂದು ಅದನ್ನೇ ಆರಿಸುತ್ತದೆ.

ಊರು ಹಾಗಿರುವುದಿಲ್ಲ. ಜನ ತಮ್ಮವರ ಹತ್ತಿರ, ತಮ್ಮ ಇಗರ್ಜಿಯ ಹತ್ತಿರ, ತಮ್ಮ ಮಸೀದಿಯ ಹತ್ತಿರ, ತಮ್ಮ ದೈವಸ್ಥಾನದ ಹತ್ತಿರ ಮನೆ ಮಾಡುತ್ತಾರೆ. ಫಳ್ನೀರಿನ ಐವರಲ್ಲಿ ಒಬ್ಬರು ಡಿಸೋಜ ಆಗಿದ್ದರೆ ನಿಜವಾದ ಉತ್ತರ 2,000 ಸಾಲು. ಇಂಡೆಕ್ಸ್ ಹಿಡಿದು ಹೊರಟ ಯಂತ್ರ 20 ಸೆಕೆಂಡ್ ಅಲೆದಾಡುತ್ತದೆ. ಎಲ್ಲವನ್ನೂ ಓದಿದ್ದರೆ 2 ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ತಪ್ಪು ಅಂದಾಜಿನ ದಂಡ ಹತ್ತುಪಟ್ಟು.

ಇದು ಒಂದೇ ಕೋಷ್ಟಕದ ಮಾತು. ಆರೇಳು ಕೋಷ್ಟಕಗಳನ್ನು ಜೋಡಿಸುವ ಕ್ವೆರಿಯಲ್ಲಿ ಮೊದಲ ಹೆಜ್ಜೆಯ ತಪ್ಪು ಎರಡನೆಯದಕ್ಕೆ ಸೇರಿ, ಅದು ಮೂರನೆಯದಕ್ಕೆ ಸೇರಿ ಬೆಳೆಯುತ್ತದೆ. ಜೋಡಣೆಗಳು ಹೆಚ್ಚಿದಂತೆ ಈ ದೋಷ ಘಾತೀಯವಾಗಿ ಏರಬಲ್ಲದು ಎಂದು 1991ರಲ್ಲೇ ಯಾನಿಸ್ ಐಯೋನಿಡಿಸ್ ಮತ್ತು ಸ್ಟಾವ್ರೋಸ್ ಕ್ರಿಸ್ಟೊಡುಲಾಕಿಸ್ ತೋರಿಸಿಕೊಟ್ಟರು.

ಗಡುವಿನ ಪಾಠ

ಐಯೋನಿಡಿಸ್ ಆಗ ಪಾಠ ಮಾಡುತ್ತಿದ್ದುದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಆವರಣದಲ್ಲಿ. ಅದೇ 1991ರಲ್ಲಿ ಅಲ್ಲಿಂದಲೇ ಹರಿತ್ಸ ಪಿಎಚ್‌ಡಿ ಪಡೆದರು. ಅದಕ್ಕೂ ಮೊದಲು 1985ರಲ್ಲಿ ಮದ್ರಾಸಿನ ಐಐಟಿಯಿಂದ ಬಿಟೆಕ್ ಮುಗಿಸಿದ್ದರು. ಡೇಟಾಬೇಸ್ ಸಂಶೋಧನೆಯಲ್ಲಿ ಮ್ಯಾಡಿಸನ್ ಆ ದಿನಗಳಲ್ಲಿ ಜಗತ್ತಿನ ಮುಂಚೂಣಿಯ ಕೇಂದ್ರಗಳಲ್ಲಿ ಒಂದು.

ಮೈಕೆಲ್ ಕೇರಿ ಮತ್ತು ಮಿರಾನ್ ಲಿವ್ನಿ ಅವರೊಂದಿಗೆ ಹರಿತ್ಸ ಅಲ್ಲಿ ಕೈಗೆತ್ತಿಕೊಂಡದ್ದು ರಿಯಲ್ ಟೈಮ್ ಡೇಟಾಬೇಸ್. ಗಡುವು ಮೀರಿದ ಉತ್ತರಕ್ಕೆ ಬೆಲೆಯೇ ಇಲ್ಲದ ಕೆಲಸಗಳಿವೆ. ಅಲ್ಲಿ ತಡವಾದ ಕೆಲಸವನ್ನು ಮುಗಿಸುವ ಬದಲು ಅರ್ಧದಲ್ಲೇ ಕೈಬಿಡಬೇಕು. ಒಂದೇ ದಾಖಲೆಯನ್ನು ಹಲವರು ಏಕಕಾಲಕ್ಕೆ ಬದಲಿಸಲು ಬಂದಾಗ ಬೀಗ ಹಾಕಿ ಉಳಿದವರನ್ನು ಕಾಯಿಸುವುದು ಸಾಮಾನ್ಯ ಕ್ರಮ. ಇನ್ನೊಂದು ಕ್ರಮದಲ್ಲಿ ಎಲ್ಲರಿಗೂ ಮುಂದುವರಿಯಲು ಬಿಟ್ಟು, ಕೊನೆಯಲ್ಲಿ ಘರ್ಷಣೆ ಇದೆಯೇ ಎಂದು ನೋಡಲಾಗುತ್ತದೆ. ಗಡುವು ಕಟ್ಟುನಿಟ್ಟಾಗಿರುವ ಕಡೆ ಈ ಎರಡನೆಯ ಕ್ರಮವೇ ಹೆಚ್ಚು ಕೆಲಸಗಳನ್ನು ಸಮಯಕ್ಕೆ ಮುಗಿಸಬಲ್ಲದು ಎಂದು ಅವರ ಅಧ್ಯಯನ ತೋರಿಸಿತು. ಹೇಗಿದ್ದರೂ ಗಡುವು ಮೀರಿ ಸಾಯುವ ಕೆಲಸವೊಂದು ಬೀಗ ಹಿಡಿದು ಕೂತರೆ, ಮುಗಿಯಬಹುದಾಗಿದ್ದ ಇನ್ನೊಂದನ್ನೂ ಅದು ಕೆಡಿಸುತ್ತದೆ.

ಮುಂದಿನ ವರ್ಷಗಳ ಎಲ್ಲ ಕೆಲಸದಲ್ಲೂ ಈ ಆರಂಭದ ಗುರುತು ನನಗೆ ಕಾಣುತ್ತದೆ. ಗಡುವಿನ ಲೋಕದಲ್ಲಿ ಸರಾಸರಿ ವೇಗಕ್ಕೆ ಎರಡನೆಯ ಸ್ಥಾನ. ಕೊಟ್ಟ ಮಾತು ಉಳಿಯಿತೇ ಎಂಬುದೇ ಮೊದಲ ಪ್ರಶ್ನೆ.

ಸದ್ದಿನಿಂದ ಹೆಸರು ಹಿಡಿಯುವುದು

1993ರಲ್ಲಿ ಹರಿತ್ಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿ ಅವರು ಕಟ್ಟಿದ ಡೇಟಾಬೇಸ್ ಸಿಸ್ಟಮ್ಸ್ ಪ್ರಯೋಗಾಲಯದಿಂದ ಬಂದ ಒಂದು ಕೆಲಸ ನಮ್ಮ ಕರಾವಳಿಗೆ ತೀರಾ ಹತ್ತಿರದ್ದು.

ಫಳ್ನೀರಿನ ಕುಲನಾಮಗಳನ್ನೇ ನೋಡಿ. ಒಬ್ಬರ ಪಡಿತರ ಚೀಟಿಯಲ್ಲಿ ಕನ್ನಡದಲ್ಲಿ ‘ಡಿಸೋಜ’, ಇನ್ನೊಬ್ಬರದರಲ್ಲಿ ‘ಡಿಸೋಜಾ’, ಮತ್ತೊಬ್ಬರದರಲ್ಲಿ ‘ಡಿಸೂಜ’. ‘ಮೊಹಮ್ಮದ್’, ‘ಮುಹಮ್ಮದ್’, ‘ಮಹಮ್ಮದ್’ ಎಂಬವು ಒಂದೇ ಹೆಸರಿನ ಮೂರು ಬರಹಗಳು. ಇದರ ಜೊತೆಗೆ ಬ್ಯಾಂಕಿನಲ್ಲಿ ಅದೇ ಹೆಸರು ಇಂಗ್ಲಿಷಿನಲ್ಲಿ, ಕಾಸರಗೋಡಿನ ದಾಖಲೆಯಲ್ಲಿ ಮಲಯಾಳದಲ್ಲಿ. ಅಕ್ಷರ ಅಕ್ಷರವನ್ನೇ ಹೋಲಿಸುವ ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಜನ.

ಎ. ಕುಮಾರನ್ ಮತ್ತು ಹರಿತ್ಸ 2004ರಲ್ಲಿ ಪ್ರಕಟಿಸಿದ ಲೆಕ್ಸ್‌ಈಕ್ವಲ್ ಎಂಬ ವಿಧಾನ ಅಕ್ಷರವನ್ನು ಬಿಟ್ಟು ಉಚ್ಚಾರವನ್ನು ಹಿಡಿಯಿತು. ಯಾವ ಲಿಪಿಯ ಹೆಸರಾದರೂ ಮೊದಲು ಅಂತರರಾಷ್ಟ್ರೀಯ ಧ್ವನಿಲಿಪಿಗೆ ಬದಲಾಗುತ್ತದೆ. ಬಳಿಕ ಒಂದು ಧ್ವನಿಸಾಲನ್ನು ಇನ್ನೊಂದಾಗಿ ಮಾಡಲು ಎಷ್ಟು ಧ್ವನಿಗಳನ್ನು ಸೇರಿಸಬೇಕು, ಕಳೆಯಬೇಕು, ಬದಲಿಸಬೇಕು ಎಂದು ಎಣಿಸಲಾಗುತ್ತದೆ. ಒಂದೇ ಗುಂಪಿನ ಹತ್ತಿರದ ಧ್ವನಿಗಳು ಅದಲುಬದಲಾದರೆ ಕಡಿಮೆ ದಂಡ, ದೂರದವಾದರೆ ಹೆಚ್ಚು. ಒಟ್ಟು ಮೊತ್ತ ಮಿತಿಯೊಳಗಿದ್ದರೆ ಎರಡೂ ಒಂದೇ ಹೆಸರು. ಮಿತಿಯನ್ನು ತುಂಬಾ ಬಿಗಿ ಮಾಡಿದರೆ ‘ಮೊಹಮ್ಮದ್’ಗೆ ‘ಮುಹಮ್ಮದ್’ ಸಿಗುವುದಿಲ್ಲ, ಸಡಿಲ ಬಿಟ್ಟರೆ ‘ಶೆಟ್ಟಿ’ ಹುಡುಕಿದವರಿಗೆ ‘ಚೆಟ್ಟಿ’ಯೂ ಬಂದುಬಿಡುತ್ತದೆ. ಪ್ರಯೋಗಗಳಲ್ಲಿ ಇಂಗ್ಲಿಷ್, ಹಿಂದಿ, ತಮಿಳು ಹೆಸರುಗಳನ್ನು ಬಳಸಿದ್ದರು. ತಮಿಳಿನಲ್ಲಿ ಕ ಮತ್ತು ಗಕಾರಗಳಿಗೆ ಒಂದೇ ಅಕ್ಷರವಿರುವುದರಿಂದ ಅಲ್ಲಿ ಸಂದಿಗ್ಧ ಹೆಚ್ಚು. ಬರೆದಂತೆ ಓದುವ ಕನ್ನಡಕ್ಕೆ ಈ ವಿಧಾನ ಇನ್ನೂ ಸಲೀಸಾಗಿ ಒಗ್ಗುತ್ತದೆ.

ಇಂಥ ಹೋಲಿಕೆ ನಿಧಾನದ್ದು. 10 ಲಕ್ಷ ಹೆಸರುಗಳ ಮೇಲೂ ಪೂರ್ಣ ಲೆಕ್ಕ ಹಾಕುತ್ತ ಕೂರಲಾಗದು. ಆದ್ದರಿಂದ ಧ್ವನಿಸಾಲಿನ ಚಿಕ್ಕ ತುಣುಕುಗಳನ್ನು ಹೋಲಿಸಿ ಹೊಂದಲಾರದವನ್ನು ಮೊದಲೇ ಜರಡಿ ಹಿಡಿಯುವ, ಧ್ವನಿಯ ಮೇಲೆಯೇ ಇಂಡೆಕ್ಸ್ ಕಟ್ಟುವ ಉಪಾಯಗಳನ್ನೂ ಅವರು ಕೊಟ್ಟರು. ಭಾರತದಂಥ ಬಹುಲಿಪಿಯ ನಾಡಿನ ಡೇಟಾಬೇಸ್‌ಗೆ ಇದು ಮೂಲಭೂತ ಅಗತ್ಯ ಎಂದೇ ನಾನು ನಂಬುತ್ತೇನೆ. ಕಾಗುಣಿತದ ವ್ಯತ್ಯಾಸಕ್ಕೆ ಪಿಂಚಣಿಯೋ ವಿಮೆಯೋ ತಪ್ಪಿಹೋಗುವುದು ಬಡವರಿಗೆ ಸಣ್ಣ ಸಂಗತಿಯಲ್ಲ.

ಬಣ್ಣದ ನಕ್ಷೆಯಲ್ಲಿ ಕಂಡ ಗೊಂದಲ

ಮತ್ತೆ ಆಪ್ಟಿಮೈಸರಿಗೆ ಬರೋಣ. ನಮ್ಮ ಲೆಕ್ಕದಲ್ಲಿ 200 ಸಾಲಿನ ಹತ್ತಿರ ನಿರ್ಧಾರ ಬದಲಾಯಿತು. ಎರಡು ಕಡೆ ಅನಿಶ್ಚಿತತೆ ಇದ್ದರೆ ಆ ಗಡಿ ಒಂದು ಬಿಂದುವಾಗಿ ಉಳಿಯದೆ ಸಮತಲದ ಮೇಲಿನ ಗೆರೆಯಾಗುತ್ತದೆ. ಆ ಸಮತಲ ನೋಡಲು ಹೇಗಿರುತ್ತದೆ?

ನವೀನ್ ರೆಡ್ಡಿ ಮತ್ತು ಹರಿತ್ಸ 2005ರಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ನಡೆದ ವಿಎಲ್‌ಡಿಬಿ ಎಂಬ ಡೇಟಾಬೇಸ್ ಸಮ್ಮೇಳನದಲ್ಲಿ ಅದನ್ನು ತೋರಿಸಿದರು. ಒಂದು ಕ್ವೆರಿಯಲ್ಲಿ ಎರಡು ಷರತ್ತುಗಳಿಗೆ ಹೊಂದುವ ಪಾಲನ್ನು ಸೊನ್ನೆಯಿಂದ ಶೇ. ನೂರರವರೆಗೆ ಸ್ವಲ್ಪ ಸ್ವಲ್ಪವೇ ಬದಲಿಸುತ್ತ, ಚೌಕುಳಿಯ ಪ್ರತಿ ಬಿಂದುವಿನಲ್ಲೂ ಆಪ್ಟಿಮೈಸರನ್ನು ‘ಇಲ್ಲಿ ಯಾವ ಪ್ಲಾನ್?’ ಎಂದು ಕೇಳುವುದು. ಒಂದೊಂದು ಪ್ಲಾನಿಗೆ ಒಂದೊಂದು ಬಣ್ಣ ಕೊಡುವುದು. ಅಡ್ಡಕ್ಕೆ ನೂರು, ಉದ್ದಕ್ಕೆ ನೂರು ಬಿಂದುಗಳಾದರೆ 10,000 ಪ್ರಶ್ನೆ.

ನಾಲ್ಕಾರು ಬಣ್ಣಗಳು, ನಯವಾದ ಗಡಿಗಳು ಇರಬಹುದೆಂದು ಹಿಂದಿನ ಸಿದ್ಧಾಂತಗಳು ಭಾವಿಸಿದ್ದವು. ಬಂದ ನಕ್ಷೆಗಳಲ್ಲಿ ಹತ್ತಾರು ಪ್ಲಾನ್‌ಗಳು ಚೂರುಚೂರಾಗಿ ಹರಡಿದ್ದವು. ಕೆಲವು ಕಡೆ ಪಟ್ಟೆಗಳು, ಕೆಲವು ಕಡೆ ದ್ವೀಪಗಳು, ಒಂದೇ ಪ್ಲಾನ್ ಒಮ್ಮೆ ಮಾಯವಾಗಿ ದೂರದಲ್ಲಿ ಮತ್ತೆ ಎದ್ದು ಬರುವ ಜಾಗಗಳು. ಕ್ಯೂಬಿಸಂ ಶೈಲಿಯ ಚಿತ್ರಗಳನ್ನು ಹೋಲುವ ಈ ನಕ್ಷೆಗಳನ್ನು ಬರೆಯುವ ಸಾಫ್ಟ್‌ವೇರಿಗೆ ಅವರು ಪಿಕಾಸೊ ಎಂದು ಹೆಸರಿಟ್ಟು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಪರೀಕ್ಷಿಸಿದ್ದು ಮಾರುಕಟ್ಟೆಯ ದೊಡ್ಡ ಡೇಟಾಬೇಸ್‌ಗಳನ್ನೇ. ಕಾನೂನಿನ ನಿರ್ಬಂಧದಿಂದಾಗಿ ಪ್ರಬಂಧದಲ್ಲಿ ಅವುಗಳ ನಿಜನಾಮ ಇರಲಿಲ್ಲ. ಆಪ್ಟ್-ಎ, ಆಪ್ಟ್-ಬಿ, ಆಪ್ಟ್-ಸಿ ಎಂಬ ಗುರುತುಗಳಷ್ಟೇ ಇದ್ದವು.

ಇಷ್ಟೊಂದು ಸೂಕ್ಷ್ಮ ನಿಜಕ್ಕೂ ಬೇಕೆ? 2007ರ ಪ್ರಬಂಧವೊಂದರಲ್ಲಿ ಹರಿತ್ಸ ಮತ್ತು ವಿದ್ಯಾರ್ಥಿಗಳು ಉತ್ತರ ಕೊಟ್ಟರು. ಪ್ರತಿ ಬಿಂದುವಿನಲ್ಲೂ ಖರ್ಚು ಶೇ. 20ರಷ್ಟು ಹೆಚ್ಚಾದರೂ ಪರವಾಗಿಲ್ಲ ಎಂದು ಒಪ್ಪಿದರೆ, ಹತ್ತಾರು ಪ್ಲಾನ್‌ಗಳ ನಕ್ಷೆ ಹತ್ತರೊಳಗೆ ಅಥವಾ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಈ ಫಲಿತಾಂಶ ಏಳು ವರ್ಷಗಳ ಬಳಿಕ ಇನ್ನೊಂದು ದೊಡ್ಡ ಕೆಲಸದ ಅಡಿಪಾಯವಾಯಿತು.

ಅಂದಾಜಿಲ್ಲದ ದಾರಿ

ಅಂದಾಜನ್ನು ಇನ್ನಷ್ಟು ನಿಖರ ಮಾಡುವುದು ಹೇಗೆಂದು ದಶಕಗಳ ಕಾಲ ಸಂಶೋಧಕರು ಶ್ರಮಿಸಿದ್ದರು. 2014ರಲ್ಲಿ ಅಂಶುಮನ್ ದತ್ ಮತ್ತು ಹರಿತ್ಸ ಅಂದಾಜನ್ನೇ ಕೈಬಿಟ್ಟರು. ಅವರ ವಿಧಾನದ ಹೆಸರು ಪ್ಲಾನ್ ಬೊಕೆ, ಅಂದರೆ ಪ್ಲಾನ್‌ಗಳ ಗುಚ್ಛ.

ಹೊಂದುವ ಸಾಲುಗಳು ಹೆಚ್ಚಾದಂತೆ ಖರ್ಚೂ ಏರುತ್ತದೆ ಎಂಬುದೊಂದೇ ಇಲ್ಲಿನ ಮುಖ್ಯ ಆಧಾರ. ಏರುವ ಈ ಖರ್ಚನ್ನು 1, 2, 4, 8 ಎಂದು ಇಮ್ಮಡಿಸುವ ಮೆಟ್ಟಿಲುಗಳಾಗಿ ಕಡಿಯಿರಿ. ಪ್ರತಿ ಮೆಟ್ಟಿಲಿಗೆ ಅಲ್ಲಿನ ಅತ್ಯುತ್ತಮ ಪ್ಲಾನ್ ಒಂದನ್ನು ಇಟ್ಟುಕೊಳ್ಳಿ. ಕ್ವೆರಿ ಬಂದಾಗ ಮೊದಲ ಪ್ಲಾನಿಗೆ 1ರ ಅವಕಾಶ ಕೊಡಿ. ಮುಗಿಯಲಿಲ್ಲವೆ? ನಿಲ್ಲಿಸಿ, ಎರಡನೆಯದಕ್ಕೆ 2ರ ಅವಕಾಶ. ಆಗಲೂ ಮುಗಿಯದಿದ್ದರೆ 4, ಬಳಿಕ 8.

ಅರ್ಧಕ್ಕೆ ನಿಲ್ಲಿಸಿದ ಕೆಲಸವೆಲ್ಲ ವ್ಯರ್ಥವಲ್ಲವೇ ಎನಿಸುತ್ತದೆ. ಲೆಕ್ಕ ನೋಡಿ. 8ರ ಮೆಟ್ಟಿಲಿನಲ್ಲಿ ಮುಗಿದಿದ್ದರೆ ಒಟ್ಟು ಖರ್ಚು ಹೆಚ್ಚೆಂದರೆ 1+2+4+8, ಅಂದರೆ 15. 4ರಲ್ಲಿ ಮುಗಿಯಲಿಲ್ಲ ಎಂದರೆ, ಉತ್ತರ ಮೊದಲೇ ಗೊತ್ತಿದ್ದ ಸರ್ವಜ್ಞ ಯಂತ್ರಕ್ಕೂ 4ಕ್ಕಿಂತ ಹೆಚ್ಚು ಬೇಕಿತ್ತು. 15ನ್ನು 4ರಿಂದ ಭಾಗಿಸಿದರೆ ನಾಲ್ಕಕ್ಕಿಂತ ಕಡಿಮೆ. ಮೆಟ್ಟಿಲುಗಳು ಎಷ್ಟೇ ಇರಲಿ, ಆದರ್ಶ ಖರ್ಚಿನ ನಾಲ್ಕುಪಟ್ಟನ್ನು ಇದು ಎಂದೂ ಮೀರುವುದಿಲ್ಲ. ಈ ಬಗೆಯ ನಿಶ್ಚಿತ ವಿಧಾನಗಳಲ್ಲಿ ನಾಲ್ಕಕ್ಕಿಂತ ಉತ್ತಮ ಖಾತರಿ ಸಾಧ್ಯವಿಲ್ಲವೆಂದೂ ಅವರು ಸಾಧಿಸಿದರು.

ಫಳ್ನೀರಿನ ಕ್ವೆರಿಗೆ ಇದನ್ನು ಹಚ್ಚೋಣ. ಮೆಟ್ಟಿಲುಗಳು 0.25, 0.5, 1, 2 ಸೆಕೆಂಡ್. ಮೊದಲ ಮೂರರಲ್ಲಿ ಇಂಡೆಕ್ಸ್, ಕೊನೆಯದರಲ್ಲಿ ಪೂರ್ಣ ಓದು. 2,000 ಡಿಸೋಜರನ್ನು ತರಲು ಒಟ್ಟು 3.75 ಸೆಕೆಂಡ್. ತಪ್ಪು ಅಂದಾಜನ್ನು ನಂಬಿದ್ದರೆ 20 ಸೆಕೆಂಡ್ ಆಗುತ್ತಿತ್ತು. ಫಳ್ನೀರಿನಲ್ಲಿ ಯಾರು ಎಲ್ಲಿ ನೆಲೆಸಿದ್ದಾರೆಂಬ ಅರಿವು ಯಂತ್ರಕ್ಕೆ ಬೇಕಾಗಲೇ ಇಲ್ಲ.

ಅನಿಶ್ಚಿತ ಷರತ್ತುಗಳು ಹೆಚ್ಚಾದರೆ ಪ್ರತಿ ಮೆಟ್ಟಿಲಿನಲ್ಲೂ ಹಲವು ಪ್ಲಾನ್‌ಗಳನ್ನು ಪ್ರಯತ್ನಿಸಬೇಕು, ಖಾತರಿಯೂ ಅಷ್ಟು ಪಟ್ಟು ಸಡಿಲವಾಗುತ್ತದೆ. ಅಲ್ಲಿ ಕೈಹಿಡಿದದ್ದು 2007ರ ಕೆಲಸ. ಪ್ಲಾನ್‌ಗಳ ಸಂಖ್ಯೆಯನ್ನು ಮೊದಲೇ ಇಳಿಸಿದರೆ ಪ್ರತಿ ಮೆಟ್ಟಿಲೂ ಹಗುರ. ಆದರೂ ಆ ಖಾತರಿ ಆಯಾ ಡೇಟಾಬೇಸಿನ ನಕ್ಷೆಯನ್ನು ಅವಲಂಬಿಸಿತ್ತು. 2016ರಲ್ಲಿ ಬಂದ ಸ್ಪಿಲ್‌ಬೌಂಡ್ ವಿಧಾನ ಆ ಅವಲಂಬನೆಯನ್ನೂ ತೆಗೆಯಿತು. ಅನಿಶ್ಚಿತ ಜೋಡಣೆಗಳ ಸಂಖ್ಯೆಯ ವರ್ಗಕ್ಕೆ ಆ ಸಂಖ್ಯೆಯ ಮೂರುಪಟ್ಟು ಕೂಡಿಸಿದರೆ ಖಾತರಿಯ ಮಿತಿ ಸಿಗುತ್ತದೆ. ಒಂದಕ್ಕೆ 4, ಎರಡಕ್ಕೆ 10, ಮೂರಕ್ಕೆ 18. ಕ್ವೆರಿಯನ್ನು ನೋಡಿದ ಮಾತ್ರಕ್ಕೆ, ಡೇಟಾವನ್ನು ಮುಟ್ಟುವ ಮೊದಲೇ ಹೇಳಬಹುದಾದ ಸಂಖ್ಯೆ ಇದು.

ಇದಕ್ಕೆ ಮಿತಿಗಳಿವೆ. ಗುಚ್ಛ ಕಟ್ಟಲು ಮುಂಚಿತವಾಗಿ ಸಾಕಷ್ಟು ಲೆಕ್ಕ ಹಾಕಬೇಕು, ಹಾಗಾಗಿ ದಿನವೂ ಮರುಕಳಿಸುವ ಕ್ವೆರಿಗಳಿಗೆ ಇದು ಹೆಚ್ಚು ಸೂಕ್ತ. ಅಂದಾಜು ಸರಿಯಿದ್ದ ದಿನ ಹಳೆಯ ವಿಧಾನವೇ ಬೇಗ ಮುಗಿಸುತ್ತದೆ. ಡೇಟಾವನ್ನು ಬದಲಿಸುವ ಕೆಲಸಗಳನ್ನು ಹೀಗೆ ಅರ್ಧದಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡುವುದೂ ಸುಲಭವಲ್ಲ. ಆದರೆ ಎಷ್ಟು ಕೆಡಬಹುದೆಂಬುದಕ್ಕೆ ಮೇಲ್ಮಿತಿಯೇ ಇಲ್ಲದ ಕಡೆ ಒಂದು ಮೇಲ್ಮಿತಿ ಸಿಕ್ಕಿತು ಎಂಬುದೇ ಇಲ್ಲಿನ ಸಾಧನೆ.

ಖಾತರಿ ಕೇಳುವ ಅಭ್ಯಾಸ

ಈ ಪ್ರಯೋಗಾಲಯದ ಇತರ ಕೆಲಸಗಳಲ್ಲೂ ಇದೇ ಮನೋಧರ್ಮವಿದೆ. ಎಡ್ಗರ್ ಕಾಡ್ ಅವರ ಹೆಸರನ್ನೇ ನೆನಪಿಸುವ ಕಾಡ್ ಎಂಬ ಉಪಕರಣ, ಡೇಟಾವೇ ಇಲ್ಲದೆ ಬೃಹತ್ ಡೇಟಾಬೇಸಿನ ಅಂಕಿಅಂಶಗಳನ್ನು ಮಾತ್ರ ಸೃಷ್ಟಿಸಿ, ಮುಂದೆ ಬರಲಿರುವ ಗಾತ್ರಕ್ಕೆ ಆಪ್ಟಿಮೈಸರ್ ಹೇಗೆ ಸ್ಪಂದಿಸುತ್ತದೆಂದು ಇವತ್ತೇ ತೋರಿಸುತ್ತದೆ. ಅನ್‌ಮಾಸ್ಕ್ ಎಂಬ ಇನ್ನೊಂದು ಉಪಕರಣ, ಮುಚ್ಚಿದ ಸಾಫ್ಟ್‌ವೇರಿನೊಳಗೆ ಅಡಗಿರುವ ಕ್ವೆರಿಯನ್ನು ಹೊರಗಿನಿಂದಲೇ ಪತ್ತೆ ಹಚ್ಚುತ್ತದೆ. ಡೇಟಾವನ್ನು ಜಾಣತನದಿಂದ ಬದಲಿಸುತ್ತ ಉತ್ತರ ಹೇಗೆ ಬದಲಾಗುತ್ತದೆಂದು ನೋಡುತ್ತ ಅದು ಮುಂದುವರಿಯುತ್ತದೆ. ಬರೆದವರು ಬಿಟ್ಟುಹೋದ, ಮೂಲ ಪಠ್ಯ ಕಳೆದುಹೋದ ಹಳೆಯ ಸಾಫ್ಟ್‌ವೇರ್ ಇರುವ ಕಚೇರಿಗಳಿಗೆ ಇದರ ಬೆಲೆ ಗೊತ್ತು.

ಹರಿತ್ಸ ಅವರಿಗೆ 2009ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ, 2014ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಸಂದವು. ಪ್ರಶಸ್ತಿಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು ಈ ದಾರಿಯ ಜೋಡಣೆ. ಒಂದು ಬಣ್ಣದ ನಕ್ಷೆಯಿಂದ ಶುರುವಾದ ಕುತೂಹಲ, ಎರಡು ವರ್ಷಗಳ ಬಳಿಕ ಆ ನಕ್ಷೆಯನ್ನು ಸರಳಗೊಳಿಸುವ ಉಪಾಯ, ಏಳು ವರ್ಷಗಳ ಬಳಿಕ ಅಂದಾಜಿಲ್ಲದ ವಿಧಾನ, ಮತ್ತೆ ಎರಡು ವರ್ಷಗಳಲ್ಲಿ ಅದಕ್ಕಿಂತ ಗಟ್ಟಿಯಾದ ಖಾತರಿ. ಬೆಂಗಳೂರಿನ ಒಂದೇ ಪ್ರಯೋಗಾಲಯದಲ್ಲಿ, ತಂಡದಿಂದ ತಂಡಕ್ಕೆ ಬದಲಾಗುವ ವಿದ್ಯಾರ್ಥಿಗಳೊಂದಿಗೆ, ಒಂದೇ ಪ್ರಶ್ನೆಯನ್ನು ಬಿಡದೆ ಹಿಡಿದದ್ದರಿಂದ ಇದು ಸಾಧ್ಯವಾಯಿತು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಮಕ್ಕಳಿಗೆ ಹೇಳಬೇಕಾದ ಕತೆ ಇದು: ದೊಡ್ಡ ಕಂಪನಿಗಳು ಕಟ್ಟಿದ ಯಂತ್ರವನ್ನು ಹೊರಗಿನಿಂದಲೇ ಪರೀಕ್ಷಿಸಿ, ಅದರ ದೌರ್ಬಲ್ಯ ಕಂಡುಹಿಡಿದು, ಅದಕ್ಕೆ ಗಣಿತದ ಪರಿಹಾರವನ್ನು ಇಲ್ಲಿಂದಲೇ ಕೊಡಬಹುದು.

ಬಳಸುವ ನಮಗೂ ಇದರಲ್ಲಿ ಕಲಿಯಲಿಕ್ಕಿದೆ. ಆಸ್ಪತ್ರೆಗೋ ಸಹಕಾರಿ ಬ್ಯಾಂಕಿಗೋ ನಗರಪಾಲಿಕೆಗೋ ಸಾಫ್ಟ್‌ವೇರ್ ಕೊಳ್ಳುವಾಗ ಸರಾಸರಿ ಎಷ್ಟು ವೇಗ ಎಂದು ಕೇಳಿ ತೃಪ್ತರಾಗುತ್ತೇವೆ. ಕೌಂಟರಿನ ಮುಂದೆ ಉದ್ದ ಸಾಲು ಬೆಳೆದ ದಿನ ಆ ಸರಾಸರಿಯಿಂದ ಯಾರಿಗೂ ಉಪಯೋಗವಿಲ್ಲ. ‘ನಿಮ್ಮ ಅಂದಾಜು ಪೂರ್ತಿ ತಪ್ಪಿದ ದಿನ ಹೆಚ್ಚೆಂದರೆ ಎಷ್ಟು ಹೊತ್ತು ಕಾಯಬೇಕು?’ ಎಂದು ಕೇಳಬೇಕು. ಹಿಂದೆ ಈ ಪ್ರಶ್ನೆಗೆ ಉತ್ತರ ಕೊಡಲು ಸಾಧ್ಯವೇ ಇರಲಿಲ್ಲ. ಕೆಲವು ಬಗೆಯ ಕ್ವೆರಿಗಳ ಮಟ್ಟಿಗಾದರೂ ಈಗ ಲೆಕ್ಕ ಹಾಕಿ ಉತ್ತರ ಕೊಡಬಹುದು. ಕೊಡಬಹುದಾದ ಉತ್ತರವನ್ನು ಕೇಳಿ ಪಡೆಯುವುದು ಇನ್ನು ನಮ್ಮ ಹೊಣೆ.